ದೇಶದ ಪ್ರಾರ್ಥನೆ ಮುಗಿಯುವ ತನಕ ಊಟವಿಲ್ಲ

ರವಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಬಿಸಿ ಅನ್ನ ಉಂಡವರು ಯಾರೂ ಇಲ್ಲ. ಅಡುಗೆ ಮಾಡುವವಳು ನಾನು, ಹೊತ್ತಿಗೆ ಸರಿಯಾಗಿಯೇ ಮಾಡಿ ಇಳಿಸುತ್ತೇನೆ. ಆದರೆ ಅಷ್ಟೊತ್ತಿಗೆ ಪಡಸಾಲೆಯಲ್ಲಿ ನನ್ನ ಗಂಡ ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಚಾಚಿ, ದಿಲ್ಲಿಯಿಂದ ಹೊರಟಿರುತ್ತಾರೆ. ಅವರು ದಿಲ್ಲಿ ಬಿಟ್ಟು, ಬೆಂಗಳೂರು ದಾಟಿ, ಬೆಳಗಾವಿಗೆ ಬಂದು, ಮೂಡಲಗಿ ಮುಟ್ಟಿ, ಕಡೆಗೆ ನಮ್ಮ ಮಸಗುಪ್ಪಿಯಲ್ಲಿ ಇಳಿಯುವುದರೊಳಗೆ ಅನ್ನ ಗಡ್ಡೆ ಕಟ್ಟಿರುತ್ತದೆ, ಕೋಳಿ ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಇದಕ್ಕೆ ದೇಶದ ಪ್ರಾರ್ಥನೆ ಎಂದು ಹೆಸರು.

ದೇಶವನ್ನು ಆಳುವವರಿಗಾಗಿ ಪ್ರಾರ್ಥಿಸಬೇಕೆಂಬುದು ಕ್ರೈಸ್ತರಾದವರಿಗೆ ಇರುವ ಮಾತು. ಇಲ್ಲವೆನ್ನುವುದಿಲ್ಲ. ನಮ್ಮ ಪಡಸಾಲೆಯ ರವಿವಾರದ ಕೂಟಕ್ಕೆ ಗೋಕಾಕದಿಂದ ತಿಂಗಳಿಗೊಮ್ಮೆ ಬರುವ ಪಾಸ್ಟರ್ ಕಿಶೋರ ಅವರು ನಾಡನ್ನೂ ಅದರ ಅಧಿಕಾರಿಗಳನ್ನೂ ಒಂದೇ ಉಸಿರಿನಲ್ಲಿ ದೇವರ ಕೈಗೆ ಒಪ್ಪಿಸಿ ಮುಗಿಸುತ್ತಾರೆ. ದೇಶವೂ ಉಳಿಯುತ್ತದೆ, ಸಾರೂ ಬಿಸಿಯಾಗಿರುತ್ತದೆ. ಉಳಿದ ರವಿವಾರಗಳಲ್ಲಿ ಮುಂದೆ ನಿಲ್ಲುವವರು ನಮ್ಮವರು. ನಮ್ಮವರಿಗೆ ಒಂದು ಉಸಿರು ಸಾಲದು. ರಾಷ್ಟ್ರಪತಿಗಳಿಂದ ಹಿಡಿದು ಊರಿನ ದನದ ಡಾಕ್ಟರ ತನಕ ಒಬ್ಬೊಬ್ಬರನ್ನೂ ಕೈ ಹಿಡಿದು ದೇವರ ಮುಂದೆ ನಿಲ್ಲಿಸಬೇಕು. ಮೂಡಲಗಿಯ ಈಚೆಗೆ ಬಂದ ಮೇಲೆ ಹುದ್ದೆ ಸಾಲದು, ಹೆಸರೇ ಆಗಬೇಕು. ಲೈನ್‌ಮನ್ ಹನಮಂತ ಕಂಬ ಹತ್ತಿದಾಗ ಕೈ ಜಾರಬಾರದು. ಗೋಕಾಕ ಬಸ್ಸಿನ ಕಂಡಕ್ಟರನಿಗೆ ಸಿಟ್ಟು ಕಡಿಮೆಯಾಗಬೇಕು. ಪಂಚಾಯಿತಿ ಅಧ್ಯಕ್ಷ ಗಜಾನನರಿಗೆ ಜ್ಞಾನ ಬರಬೇಕು. ಇದರಲ್ಲಿ ಕೊನೆಯದು ನಡೆಯುವ ಮಾತಲ್ಲ ಎಂದು ನಾನು ಒಲೆಯ ಮುಂದೆ ನಿಂತು ಹಲ್ಲು ಕಡಿಯುತ್ತಿದ್ದೆ.

ನನ್ನ ಗಂಡನ ಹೆಸರು ಸಿದ್ರಾಮ. ಹೀಗೆ ನೇರವಾಗಿ ಹೆಸರು ಹೇಳಿದೆನೆಂದು ಗೊತ್ತಾದರೆ ನನ್ನ ಅತ್ತೆ ಕಾಡವ್ವ ಇವತ್ತಿಗೂ ಹಣೆ ಬಡಿದುಕೊಳ್ಳುತ್ತಾರೆ. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಬೇಕು, ಅದೂ ಯಾರಾದರೂ ಬಾಗಿಲಲ್ಲಿ ತಡೆದು ಕೇಳಿದಾಗ ಮಾತ್ರ ಎನ್ನುವ ಕಾಲದವರು ಅವರು. ಹೆಸರೆಂದರೆ ಅವರಿಗೆ ಸುಮ್ಮನೆ ಅಲ್ಲ. ಅತ್ತೆ ನಮ್ಮ ಜೊತೆ ಪ್ರಾರ್ಥನೆಗೆ ಸೇರಿದವರೂ ಅಲ್ಲ. ಅವರ ದೇವಿ ಅಡುಗೆಮನೆಯ ಗೂಡಿನಲ್ಲಿದ್ದಾಳೆ. ರವಿವಾರ ಓಣಿಯ ಹೆಂಗಸರು ಬರುತ್ತಾರೆಂದು ಅತ್ತೆಯೂ ಹಿಂದೆ ಗೋಡೆಗೆ ಒರಗಿ ಕೂರುತ್ತಾರೆ, ಹಾಡು ಬಂದರೆ ತಾಳ ಹಾಕುತ್ತಾರೆ, ದೇಶದ ಪ್ರಾರ್ಥನೆ ಶುರುವಾದರೆ ನಿದ್ದೆ ಮಾಡುತ್ತಾರೆ. ಮನೆಯಲ್ಲಿ ಬುದ್ಧಿವಂತರೆಂದರೆ ಅವರೊಬ್ಬರೇ.

ನನ್ನ ತವರು ಹುಕ್ಕೇರಿ ತಾಲೂಕಿನ ದಡ್ಡಿ. ನನ್ನಪ್ಪ ಯಲ್ಲಾರಿ ಬೌದ್ಧ ಧರ್ಮದವರು. ಅಳಿಯ ಯೇಸುವಿನ ಶಿಷ್ಯನಾದನೆಂದು ಕೇಳಿ ವರ್ಷಗಟ್ಟಲೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಗಂಡನ ಜೊತೆ ಎರಡು ವರ್ಷ ಜಗಳವಾಡಿ ನಾನೂ ಅದೇ ದಾರಿ ಹಿಡಿದಾಗ, "ನೀನರ ಸಾಲಿ ಕಲತಾಕಿ ಅಂತ ತಿಳದಿದ್ನೆವ್ವಾ" ಎಂದಷ್ಟೇ ಹೇಳಿ ಫೋನು ಇಟ್ಟರು. ನಾನು ಊರಿನ ಅಂಗನವಾಡಿಯಲ್ಲಿ ಟೀಚರು. ಬಿ.ಎ. ಓದಿದ್ದೇನೆ. ಓದಿದ್ದಕ್ಕೂ ಸಹನೆಗೂ ಸಂಬಂಧವಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ.

ನಮ್ಮವರದು ಪಂಚಾಯಿತಿಯ ವಾಟರ್‌ಮನ್ ನೌಕರಿ. ಬೆಳಗಾಗುವ ಮೊದಲೇ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಡುತ್ತಾರೆ. ಒಂದೊಂದು ಓಣಿಗೂ ಸರದಿಯಂತೆ ನೀರು ಬಿಡುವುದು, ಪೈಪು ಒಡೆದರೆ ಕೆಸರಿಗಿಳಿದು ಕಟ್ಟುವುದು, ನೀರು ತಡವಾದರೆ ಎಲ್ಲರ ಬೈಗುಳ ಕೇಳುವುದು. ಯಾರು ಬೈದರೂ ಇವರದು ಒಂದೇ ಉತ್ತರ, "ಆತ್ರಿ, ಬಿಡ್ತೇನ್ರಿ." ನೀರು ಬಿಡುವುದೂ ದೇಶಸೇವೆಯಂತೆ. ಗಡಿಯಲ್ಲಿ ನಿಂತವನು ಬಂದೂಕು ಹಿಡಿದಂತೆ ಇವರು ಚಾವಿ ಹಿಡಿದಿದ್ದಾರಂತೆ.

ಈ ದೇಶಸೇವಕರ ಸ್ವಂತ ಓಣಿಗೆ ನಳ ಇಲ್ಲ.

ಹೊಸ ಪೈಪ್‌ಲೈನ್ ಬಂದಾಗ ಊರೆಲ್ಲ ಅಗೆದರು. ನಮ್ಮ ಓಣಿಯ ತಿರುವಿನ ತನಕ ತಂದು ನಿಲ್ಲಿಸಿದರು. ಪೈಪು ಮುಗಿದವು ಎಂದರು ಅಧ್ಯಕ್ಷ ಗಜಾನನ. ಅದೇ ವಾರ ಅವರ ದನದ ಕೊಟ್ಟಿಗೆಗೆ ಹೊಸ ಪೈಪು ಹೋಯಿತು. ಎಮ್ಮೆಗಳು ನಳದ ನೀರು ಕುಡಿದವು, ನಾವು ಹೆಂಗಸರು ಕೊಡ ಹೊತ್ತು ತಿರುವು ದಾಟಿ ಅವರ ಮನೆಯ ಬಾಜೂ ಇರುವ ನಳಕ್ಕೆ ಪಾಳಿ ಹಚ್ಚಿದೆವು. ಆ ನಳಕ್ಕೆ ನೀರು ಬಿಡುವವರು ಯಾರು? ನನ್ನ ಗಂಡ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದರೆ ಇದೇ. "ಒಂದ ದಿನಾ ಅವರ ಓಣಿ ವಾಲ್ವ್ ಬಂದ್ ಮಾಡ್ರಿ, ಮರುದಿನಾನ ಪೈಪು ಬರ್ತಾವು" ಎಂದು ನಾನು ಹೇಳದ ದಿನವಿಲ್ಲ. ಇವರು ನನ್ನ ಮುಖವನ್ನು, ನಾನು ಯಾರದೋ ಮನೆಗೆ ಬೆಂಕಿ ಇಡಲು ಹೇಳಿದಂತೆ ನೋಡುತ್ತಿದ್ದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಬಿರುಕು ಬಿಡುತ್ತಿತ್ತು.

ಇದಾದ ಮುಂದಿನ ರವಿವಾರದಿಂದಲೇ ಇವರು ಗಜಾನನರ ಹೆಸರನ್ನು ಪ್ರಾರ್ಥನೆಯಲ್ಲಿ ಸೇರಿಸಿದ್ದು. ಸುಮ್ಮನೆ ಸೇರಿಸಲಿಲ್ಲ. ಹೆಸರು, ಅಪ್ಪನ ಹೆಸರು, ಮನೆತನ ಎಲ್ಲ ಸೇರಿಸಿ, ಕೋರ್ಟಿನಲ್ಲಿ ಕರೆದಂತೆ ಕರೆದು, ಅವರ ಆರೋಗ್ಯ, ಅವರ ಮಗಳು ಕಾಜಲ್‌ಳ ಪರೀಕ್ಷೆ, ಅವರ ಕಬ್ಬಿನ ತೂಕ ಎಲ್ಲಕ್ಕೂ ಬೇಡಿಕೊಳ್ಳುವುದು. ಪ್ರತಿ ವಾರ. ನಾನು ಹೊತ್ತು ತಂದ ನೀರಿನಲ್ಲಿ ಬೇಯಿಸಿದ ಅನ್ನ ಆ ಮನುಷ್ಯನ ಕಬ್ಬಿನ ತೂಕಕ್ಕಾಗಿ ತಣ್ಣಗಾಗುತ್ತಿತ್ತು.

ಹೀಗಿರುವಾಗ ಕಬ್ಬಿನ ಹಂಗಾಮಿನಲ್ಲಿ ಒಂದು ದಿನ, ಟ್ರ್ಯಾಕ್ಟರಿನಿಂದ ರಸ್ತೆಗೆ ಬಿದ್ದ ಕಬ್ಬಿನ ಮೇಲೆ ಗಜಾನನರ ಬೈಕು ಜಾರಿತು. ಬಲಗಾಲು ಮುರಿಯಿತು. ಗೋಕಾಕದ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಆ ಹಂಗಾಮಿನಲ್ಲಿ ಹಾಗೆ ಬಿದ್ದವರು ಅವರೊಬ್ಬರೇ ಅಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ.

ಆದರೆ ನಮ್ಮ ಪ್ರಾರ್ಥನೆಗೆ ಬರುವ ಅಲ್ಲವ್ವ ಎಂಬ ಮುದುಕಿ ಇದ್ದಾಳೆ. ಅವಳಿಗೆ ಬಾಯಿ ಒಂದು ದೊಡ್ಡದು. ಗಜಾನನರ ತಾಯಿ ಲಗಮವ್ವನ ಜೊತೆ ಅವರ ಹೊಲದಲ್ಲಿ ಕಳೆ ತೆಗೆಯುವಾಗ, ಅವರನ್ನು ಸಂತೋಷಪಡಿಸಲೆಂದು, "ಚಿಂತಿ ಮಾಡಬ್ಯಾಡ್ರಿ ಅವ್ವಾರ, ನಿಮ್ಮ ಮಗನ ಹೆಸರ ನಾವು ವಾರಾ ವಾರಾ ದೇವರ ಮುಂದ ಹಿಡೀತೇವಿ" ಎಂದುಬಿಟ್ಟಳು. ಲಗಮವ್ವ ಕಳೆ ತೆಗೆಯುವ ಕುರ್ಪಿಯನ್ನು ಅಲ್ಲೇ ಬಿಸಾಡಿ ಮನೆಗೆ ಓಡಿದರಂತೆ.

ಯಾಕೆ ಓಡಿದರೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಇಲ್ಲಿ ಅನ್ಯಾಯವಾದವರು, ಎದುರು ನಿಂತು ಜಗಳವಾಡುವ ಶಕ್ತಿ ಇಲ್ಲದವರು, ಒದ್ದೆ ಬಟ್ಟೆಯಲ್ಲಿ ದೇವಿಯ ಗುಡಿಗೆ ಹೋಗಿ, ಅನ್ಯಾಯ ಮಾಡಿದವನ ಹೆಸರು ಹಿಡಿದು ಹೇಳಿ ಬರುತ್ತಾರೆ. ಬೇರೆ ಏನೂ ಬೇಕಿಲ್ಲ, ಹೆಸರು ಹಿಡಿದರೆ ಸಾಕು. ಆಮೇಲೆ ಅವನ ಮನೆಯಲ್ಲಿ ಹಾಲು ಒಡೆದರೂ ಅದು ದೇವಿಯದೇ. ನಮ್ಮ ಅತ್ತೆಯೇ ಒಮ್ಮೆ ಕೋಳಿ ಕದ್ದವನ ಹೆಸರು ಹಿಡಿದು ಬಂದಿದ್ದರು. ಅವನ ಆಡು ಸತ್ತಿತು. ಇಡೀ ಊರು ನಂಬಿತು, ಕೋಳಿಯ ಬದಲು ಎರಡು ಕೋಳಿ ಬಂದವು. ಈಗ ಲೆಕ್ಕ ಹಾಕಿ. ನಮ್ಮ ಓಣಿಗೆ ನಳ ತಪ್ಪಿಸಿದವರು ಗಜಾನನ. ನಾವು ಅವರ ಹೆಸರನ್ನು, ಅಪ್ಪನ ಹೆಸರಿನ ಸಮೇತ, ವಾರಾ ವಾರಾ ದೇವರ ಮುಂದೆ ಹಿಡಿದೆವು. ಅವರ ಕಾಲು ಮುರಿಯಿತು. ಲಗಮವ್ವನ ಜಾಗದಲ್ಲಿ ನಾನಿದ್ದರೆ ನಾನೂ ಓಡುತ್ತಿದ್ದೆ.

ಮರುದಿನ ಗಜಾನನರ ಕಾರು ನಮ್ಮ ಓಣಿಯ ತಿರುವಿಗೆ ಬಂದು ನಿಂತಿತು. ಅವರು ಇಳಿಯಲಿಲ್ಲ, ಇಳಿಯುವಂತೆಯೂ ಇರಲಿಲ್ಲ. ಹಿಂದಿನ ಸೀಟಿನ ಮೇಲೆ ಪ್ಲಾಸ್ಟರಿನ ಕಾಲು ಚಾಚಿ ಕೂತಿದ್ದರು. ಇವರು ಕೈಯಲ್ಲಿ ಚಾವಿ ಹಿಡಿದೇ ಹೋಗಿ ನಿಂತರು. ನಾನು ಕೊಡ ಹೊತ್ತು ಹಿಂದೆ ನಿಂತೆ.

"ಏ ವಾಟರ್‌ಮನ್, ನನ್ನ ಹೆಸರ ಹಿಡದು ಏನೋ ನಡಸೀಯಂತ?"

"ಪ್ರಾರ್ಥನಾ ಮಾಡ್ತೇವ್ರಿ ಅಣ್ಣಾರ. ನಿಮಗ ಚಲೋ ಆಗ್ಲಿ ಅಂತ."

"ಮಾಡು ಅಂತ ನಾ ಹೇಳಿದ್ನೇನು?"

"ಇಲ್ರಿ."

"ಮತ್ತ? ಚಲೋ ಆಗಿದ್ದು ಕಾಣಾಕತ್ತೈತಿಲ್ಲೊ ನಿನಗ?" ಎಂದು ಗಜಾನನ ಪ್ಲಾಸ್ಟರಿನ ಮೇಲೆ ಬಡಿದು ತೋರಿಸಿದರು. "ಇಂದಿಗಿ ಬಿಟ್ಟಬಿಡು. ಇಲ್ಲಾಂದ್ರ ನಿಮ್ಮ ರವಿವಾರದ ಕೂಟಾನ ಬಂದ್ ಮಾಡಸ್ತೇನಿ. ಮಾಟಾ ಮಾಡಾಕತ್ತಾರು, ಮಂದೀನ ಧರ್ಮ ಬದಲಸಾಕತ್ತಾರು ಅಂತ ಪೊಲೀಸರಿಗಿ ಒಂದ ಅರ್ಜಿ ಕೊಟ್ರ ಮುಗೀತು."

ಇಲ್ಲಿ ಯಾರಾದರೂ ಬುದ್ಧಿ ಇದ್ದವರು "ಆತ್ರಿ" ಎಂದು ಬರುತ್ತಿದ್ದರು. ಬೈಗುಳಕ್ಕೆಲ್ಲ "ಆತ್ರಿ" ಎನ್ನುವ ಮನುಷ್ಯ ಅವತ್ತೇ ಅದನ್ನು ಮರೆತರು. "ನಿಮ್ಮ ಕಾಲಿನ ಸಲುವಾಗಿ ಮೊನ್ನಿ ರವಿವಾರ ಬ್ಯಾರೇನ ಒಂದ ಪ್ರಾರ್ಥನಾ ಮಾಡೇವ್ರಿ ಅಣ್ಣಾರ" ಎಂದರು. ಗಜಾನನರ ಮುಖದ ಬಣ್ಣವೇ ಹೋಯಿತು. ಡ್ರೈವರ್ ಹೇಳಿಸಿಕೊಳ್ಳದೆ ಗಾಡಿ ತಿರುಗಿಸಿದ.

ನಾನು ಕೊಡವನ್ನು ರಸ್ತೆಯಲ್ಲೇ ಕುಕ್ಕಿದೆ.

"ಅಲ್ರೀ, ಏಳೆಂಟ ಮನಿ ಮಂದಿ ವಾರಕ್ಕೊಮ್ಮೆ ಕೂಡೂದು ನಮ್ಮ ಪಡಸಾಲ್ಯಾಗ. ಅದ ಬಂದ್ ಆದ್ರ ಆ ಮುದುಕ್ಯಾರು ಎಲ್ಲಿ ಹೋಗ್ಬೇಕು? ಹೆಸರ ಬಿಡ್ರಿ. 'ಅಧ್ಯಕ್ಷರು' ಅನ್ರಿ, ಸಾಕು. ಮಸಗುಪ್ಪಿ ಅಧ್ಯಕ್ಷ ಯಾರಂತ ದೇವರಿಗಿ ಗೊತ್ತಿಲ್ಲೇನು?"

"ದೇವರಿಗಿ ಗೊತ್ತೈತಿ."

"ಮತ್ತ?"

"ಹೆಸರ ಬಿಟ್ಟು ಬೇಡ್ಕೊಂಡ್ರ ನನ್ನ ಸಿಟ್ಟು ಹೋಗೂದಿಲ್ಲ ನಂದಿನಿ. ಹೆಸರ ಅಂದಾಗ ಇಷ್ಟ ಇಷ್ಟ ಹೋಗತೈತಿ."

ಈ ಮನುಷ್ಯನಿಗೂ ಸಿಟ್ಟು ಇದೆಯೆಂದು ನನಗೆ ತಿಳಿದದ್ದೇ ಅವತ್ತು. ತಿಳಿದು ಏನೂ ಉಪಯೋಗವಾಗಲಿಲ್ಲ. ನಾನು ಪಾಸ್ಟರ್ ಕಿಶೋರ ಅವರಿಗೆ ಫೋನು ಹಚ್ಚಿದೆ. ಅವರೂ ನಾನು ಹೇಳಿದ್ದನ್ನೇ ಹೇಳಿದರು, ಹೆಸರಿನ ಮೇಲೆ ಹಟ ಬೇಡ, ಹುದ್ದೆ ಹೇಳಿದರೆ ಸಾಕು ಎಂದರು. ಇವರು ಫೋನಿನಲ್ಲಿ "ಹೂನ್ರಿ, ಹೂನ್ರಿ" ಎಂದರು. ಮುಂದಿನ ರವಿವಾರ ಮತ್ತೆ ಹೆಸರು, ಅಪ್ಪನ ಹೆಸರು, ಮನೆತನ. ನಾನು ಸೌಟನ್ನು ನೆಲಕ್ಕೆ ಎಸೆದ ಸದ್ದಿಗೆ ಅತ್ತೆಗೆ ಎಚ್ಚರವಾಯಿತು.

ಇವರ ಈ ಹಟದ ಬೇರು ನನಗೆ ಗೊತ್ತು, ಅದೇ ನನ್ನ ಕಷ್ಟ. ಗೊತ್ತಿಲ್ಲದಿದ್ದರೆ ಬೈದು ನಿರಾಳವಾಗಬಹುದಿತ್ತು. ಮದುವೆಯಾದ ಹೊಸದರಲ್ಲಿ ಇವರಿಗೆ ಟೈಫಾಯ್ಡ್ ಆಗಿ ಗೋಕಾಕದ ಒಂದು ದವಾಖಾನೆಯಲ್ಲಿ ಮಲಗಿದ್ದರು. ಉಳಿಯುವ ಭರವಸೆ ಇರಲಿಲ್ಲ. ಅಲ್ಲಿ ಪೂನಮ್ ಎಂಬ ನರ್ಸು ಇವರ ಹೆಸರು ಕೇಳಿದಳು. ಮಂಚದ ಕಾಲಬದಿಗೆ ನಿಂತು, ಕಣ್ಣು ಮುಚ್ಚಿ, "ದೇವಾ, ಸಿದ್ರಾಮನ್ನ ಎಬ್ಬಸು" ಎಂದಳು. ನಾನೂ ಅಲ್ಲೇ ಇದ್ದೆ. ಅಷ್ಟೇ ಮಾತು. ಅಲ್ಲಿಯ ತನಕ ಇವರ ಹೆಸರು ಬೇರೆಯವರ ಬಾಯಲ್ಲಿ ಬಂದದ್ದು ಕೆಲಸಕ್ಕೆ ಕರೆಯಲಿಕ್ಕೆ, ಇಲ್ಲವೇ ಬೈಯಲಿಕ್ಕೆ. ಜಾತಿ ಹಿಡಿದು ಕರೆಯುವವರಿಗಂತೂ ಹೆಸರಿನ ಅಗತ್ಯವೇ ಇರಲಿಲ್ಲ. "ಪರಿಚಯ ಇಲ್ಲದಾಕಿ ನನ್ನ ಹೆಸರ ದೇವರ ಮುಂದ ಅಂದ್ಲು" ಎಂದು ಇವರು ಎಷ್ಟೋ ದಿನ ಹೇಳಿಕೊಂಡು ಅತ್ತರು. ಅವತ್ತು ಶುರುವಾದದ್ದು ಇದು. ಅಂದರೆ ನನ್ನ ಅನ್ನ ತಣ್ಣಗಾಗಲು ಕಾರಣ ಆ ಪೂನಮ್.

ಜನವರಿ ಇಪ್ಪತ್ತಾರು ಬಂತು. ಪಂಚಾಯಿತಿಯ ಮುಂದಿನ ಧ್ವಜದ ಕಟ್ಟೆಗೆ ಪ್ರತಿ ವರ್ಷ ಸುಣ್ಣ ಬಳಿಯುವವರು ನಮ್ಮವರೇ. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಈ ಸಲವೂ ಹಿಂದಿನ ದಿನವೇ ಬಳಿದು, ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಹೊರಟರು. ನಾನು ಅಂಗನವಾಡಿಯ ಮಕ್ಕಳ ಕೈಯಲ್ಲಿ ಕಾಗದದ ಧ್ವಜ ಕೊಟ್ಟು ಸಾಲಾಗಿ ಕರೆದುಕೊಂಡು ಹೋದೆ. ರಾಷ್ಟ್ರಗೀತೆ ಹಾಡುವಾಗ ಇವರ ಕಣ್ಣಲ್ಲಿ ಎಂದಿನಂತೆ ನೀರು. ಹಿಂದೆ ನಿಂತ ಯಾರೋ ಒಬ್ಬ, "ಇವರ ದೇಶ ಬ್ಯಾರೆ ಅಲ್ಲೇನೊ, ಇಲ್ಲಿ ಯಾಕ ಅಳತಾನ?" ಎಂದ. ನನಗೆ ಮೈಯೆಲ್ಲ ಉರಿಯಿತು. ಇವರ ದೇಶ ಬೇರೆಯಾಗಿದ್ದರೆ ಇಷ್ಟು ವರ್ಷ ನನ್ನ ಅಡುಗೆ ಯಾಕೆ ತಣ್ಣಗಾಗುತ್ತಿತ್ತು? ಮಕ್ಕಳಿದ್ದಾರೆಂದು ಬಾಯಿ ಕಚ್ಚಿ ನಿಂತೆ.

ಬೂಂದಿ ಹಂಚುವ ಮೊದಲು ಊರ ಹಿರಿಯ ಶಿದ್ಲಿಂಗಪ್ಪ ಅವರು ಇವರನ್ನು ಮುಂದೆ ಕರೆದರು. ಗಜಾನನ ಕುರ್ಚಿಯಲ್ಲಿ, ಕಾಲು ಇನ್ನೊಂದು ಕುರ್ಚಿಯ ಮೇಲೆ. ಪಕ್ಕದಲ್ಲಿ ಲಗಮವ್ವ.

"ಸಿದ್ರಾಮಾ, ನೀ ಏನ ಪ್ರಾರ್ಥನಾ ಮಾಡ್ತಿ ಅದನ್ನ ಇಲ್ಲೇ ಎಲ್ಲಾರ ಮುಂದ ಹೇಳಿಬಿಡು. ನಾವೂ ಕೇಳ್ತೇವಿ. ಕೆಟ್ಟದ್ದೋ ಚಲೋದೋ ಗೊತ್ತಾಗ್ಲಿ" ಎಂದರು ಶಿದ್ಲಿಂಗಪ್ಪ. ನ್ಯಾಯವಾದ ಮಾತು. ಇವರು ಅಷ್ಟಕ್ಕೇ ಕಾದವರಂತೆ ಕಣ್ಣು ಮುಚ್ಚಿ ಕೈ ಚಾಚಿದರು.

"ಬ್ಯಾಡ!" ಎಂದು ಲಗಮವ್ವ ಚೀರಿದರು. ಮಗನ ಮುಂದೆ ಬಂದು ಸೆರಗು ಹರಡಿ ಅಡ್ಡ ನಿಂತರು. "ಇಲ್ಲೆ ಅನ್ನಬ್ಯಾಡ! ಉಳದದ್ದು ಒಂದ ಕಾಲ ಐತಿ!"

ಯಾರೋ ನಕ್ಕರು. ಗಜಾನನ ನಗಲಿಲ್ಲ, ಒಳ್ಳೆಯ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಕಡೆಗೆ ಶಿದ್ಲಿಂಗಪ್ಪ ಹಾವೂ ಸಾಯದಂತೆ ಕೋಲೂ ಮುರಿಯದಂತೆ ತೀರ್ಪು ಕೊಟ್ಟರು. ರವಿವಾರದ ಕೂಟ ನಡೆಯಲಿ. ಆದರೆ ಸಿದ್ರಾಮ ಇನ್ನು ಮುಂದೆ ಗಜಾನನರ ಹೆಸರು ಹಿಡಿಯಬಾರದು, ಧ್ವಜದ ಮುಂದೆ ಮಾತು ಕೊಡಬೇಕು. ಮಾತು ತಪ್ಪಿದರೆ ಕೂಟ ಬಂದ್. ಇವರು ಕಂಬದ ಕಡೆ ನೋಡಿದರು, ನೆಲ ನೋಡಿದರು. ನಾನು ಮಕ್ಕಳ ಸಾಲು ಬಿಟ್ಟು ಹೋಗಿ ಬೆನ್ನ ಹಿಂದೆ ನಿಂತು "ಹೂಂ ಅನ್ರಿ" ಎಂದೆ.

"ನಾ ಹಿಡಿಯೂದಿಲ್ರಿ" ಎಂದರು.

"ಕೇಳಾಕ ನಾ ಬರ್ತೇನಿ ರವಿವಾರ" ಎಂದರು ಲಗಮವ್ವ.

ಮನೆಗೆ ಬಂದು ಇವರು ಬೂಂದಿ ತಿನ್ನಲಿಲ್ಲ. ಸಾವಿನ ಮನೆಯಿಂದ ಬಂದವರಂತೆ ಅಂಗಳದಲ್ಲಿ ಕೂತರು. ನಾನು ಸಮಾಧಾನ ಹೇಳಲಿಲ್ಲ. ನನಗೆ ಮನಸ್ಸು ಹಗುರವಾಗಿತ್ತು. ಕೂಟ ಉಳಿಯಿತು, ಆ ಮನುಷ್ಯನ ಹೆಸರು ನನ್ನ ಮನೆಯಿಂದ ಹೊರಗೆ ಹೋಯಿತು, ಇನ್ನು ಅನ್ನವೂ ತುಸು ಬಿಸಿ ಇದ್ದಾಗಲೇ ಉಣ್ಣಬಹುದು.

ರವಿವಾರ ಲಗಮವ್ವ ಖರೇ ಬಂದರು. ಒಳಗೆ ಬರಲಿಲ್ಲ. ಅವರ ಮನೆತನದವರು ನಮ್ಮ ಓಣಿಯಲ್ಲಿ ಮನೆಯೊಳಗೆ ಬರುವುದಿಲ್ಲ. ಹೊಸ್ತಿಲಾಚೆ ಕಟ್ಟೆಯ ಮೇಲೆ, ತಲೆ ತುಂಬ ಸೆರಗು ಹೊದ್ದು, ಬಾಗಿಲ ಚೌಕಟ್ಟು ಹಿಡಿದು ಕೂತರು. ನಮ್ಮ ಹಾಡಿಗೆ ಮುಖ ಗಂಟಿಕ್ಕಿದರು. ಇವರು ಎದ್ದು ನಿಂತು ಕಣ್ಣು ಮುಚ್ಚಿದಾಗ ಮುದುಕಿ ಇನ್ನಷ್ಟು ಮುಂದೆ ಬಾಗಿ ಇವರ ತುಟಿಯನ್ನೇ ನೋಡತೊಡಗಿದರು.

ಇವರು ದಿಲ್ಲಿಯ ದೊಡ್ಡವರನ್ನು ಮುಗಿಸಿದರು. ಗಡಿಗೆ ಹೋದರು. "ನಮ್ಮ ಶಿದ್ಲಿಂಗಪ್ಪಜ್ಜಾರ ಮೊಮ್ಮಗ ಸಿದ್ರಾಯ ಚಳಿಯೊಳಗ ನಿಂತಾನ ಸ್ವಾಮಿ, ಅವನ ಕೈಕಾಲ ಬೆಚ್ಚಗ ಇಡು" ಎಂದರು. ಲಗಮವ್ವ ತಲೆ ಎತ್ತಿದರು. ಬೆಂಗಳೂರು ಬಂತು, ಬೆಳಗಾವಿ ಬಂತು, ಮೂಡಲಗಿಯ ತಹಶೀಲ್ದಾರರು, ಪೊಲೀಸರು. ಮೇಲವಂಕಿಯಲ್ಲಿ ಮಗ್ಗುಲಾದ ಕಬ್ಬಿನ ಗಾಡಿಯ ಡ್ರೈವರು. ಆಮೇಲೆ ನಮ್ಮ ಊರು ಬಂತು. ಮೊದಲು ಬರಬೇಕಾದವರು ಅಧ್ಯಕ್ಷರು.

ಇವರು ನಿಂತುಬಿಟ್ಟರು. ಹಾರಿ ಮುಂದೆ ಹೋಗಲಿಲ್ಲ. ಒಂದು ಪ್ರಾರ್ಥನೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಯಿ ಮುಚ್ಚಿ, ಕೈ ಚಾಚಿಯೇ ಸುಮ್ಮನೆ ನಿಂತರು. ಹೆಸರು ಹಿಡಿಯದೆಯೂ ಹೊತ್ತು ಕಳೆಯುವ ವಿದ್ಯೆ ಇವರಿಗೇ ಗೊತ್ತು ಎಂದು ನಾನು ಒಲೆಯ ಕಡೆ ನೋಡಿದೆ. ಆಮೇಲೆ ಲೈನ್‌ಮನ್ ಹನಮಂತ, ದನದ ಡಾಕ್ಟರು, ಬಸ್ಸಿನ ಕಂಡಕ್ಟರು, ಎಲ್ಲರಿಗೂ ಒಳ್ಳೆಯದನ್ನು ಬೇಡಿ, "ಆಮೆನ್" ಎಂದರು.

ನಾನು ತಾಟು ತೆಗೆಯಲು ಎದ್ದೆ.

"ತಡಿ" ಎಂದರು ಲಗಮವ್ವ. "ಹನಮಂತನ ಹೆಸರ ಬಂತು. ದನದ ಡಾಕ್ಟರಂದು ಬಂತು. ಆ ಕಂಡಕ್ಟರ ಯಾವ ಊರಾಂವೋ ಏನೋ, ಅವನ್ನೂ ಬಿಡಲಿಲ್ಲ. ನನ್ನ ಮಗಾ ಏನ ಪಾಪ ಮಾಡ್ಯಾನೋ ಸಿದ್ರಾಮಾ? ಪಂಕ್ತಿಯೊಳಗ ಎಲ್ಲಾರಿಗೂ ನೀಡಿ ನನ್ನ ಮಗನ ಎಲಿ ಬಿಟ್ಟ ಹೋದಿಯಲ್ಲೋ."

ನನಗೆ ತಡೆಯಲಾಗಲಿಲ್ಲ. "ಅವ್ವಾರ, ಬ್ಯಾಡ ಅಂದವರು ನೀವ! ಧ್ವಜದ ಮುಂದ ನಿಲ್ಲಿಸಿ ಮಾತ ತಗೊಂಡವರು ನೀವ!"

"ನೀವು ಶಾಪಾ ಹಾಕ್ತೀರಿ ಅಂತ ತಿಳದಿದ್ನೆವ್ವಾ. ಹಿಂಗ ಎಲ್ಲಾರನ್ನೂ ಹರಸ್ತೀರಿ ಅಂತ ಯಾಂವ ಹೇಳಿದ್ದ?" ಮುದುಕಿ ಇವರ ಕಡೆ ತಿರುಗಿದರು. "ನಾನ ಹೇಳಾಕತ್ತೇನಿ. ಹಿಡಿ ಅವನ ಹೆಸರ."

ಈಗಲಾದರೂ ಹಿಡಿಯಬೇಕಲ್ಲವೇ? ತಾಯಿಯೇ ಕೇಳುತ್ತಿದ್ದಾಳೆ. ಊರೇ ಬೇಡವೆಂದಾಗ ಅಪ್ಪನ ಹೆಸರಿನ ಸಮೇತ ಹಿಡಿದ ಮನುಷ್ಯ ಈಗ ತಲೆ ಅಲ್ಲಾಡಿಸಿದರು. "ಆಗೂದಿಲ್ರಿ ಅವ್ವಾರ. ಧ್ವಜದ ಮುಂದ ಮಾತ ಕೊಟ್ಟೇನಿ." ನನಗೆ ಆ ಚಾವಿಯಿಂದಲೇ ಇವರ ತಲೆ ಒಡೆಯಬೇಕೆನ್ನಿಸಿತು.

ಲಗಮವ್ವ ಪಡಸಾಲೆಯನ್ನೆಲ್ಲ ನೋಡಿದರು. ಅಲ್ಲವ್ವ ಹೆದರಿ ಮುಖ ತಿರುಗಿಸಿದಳು. ಮುದುಕಿಯ ಕಣ್ಣು ನನ್ನ ಮೇಲೆ ನಿಂತಿತು. "ನೀ ಮಾತ ಕೊಟ್ಟಿಲ್ಲಲ್ಲ, ಟೀಚರ? ನೀ ಹಿಡಿ."

ನಾನು ಆ ತನಕ ಕೂಟದಲ್ಲಿ ಎದ್ದು ನಿಂತು ಪ್ರಾರ್ಥಿಸಿದವಳೇ ಅಲ್ಲ. ಗಜಾನನರ ಹೆಸರು ನನ್ನ ಬಾಯಿಗೆ ಹೊಸದಲ್ಲ. ದಿನಾ ಬೆಳಿಗ್ಗೆ ಕೊಡ ಹೊತ್ತು ತಿರುವು ದಾಟುವಾಗ ಹಿಡಿಯುತ್ತಿದ್ದೆ. ಅವರ ಕಾಲು ಮುರಿಯಿತೆಂದು ಕೇಳಿದ ದಿನ ನನಗೆ ಆದದ್ದು ದುಃಖವಲ್ಲ. ಹಾಗೆ ನೋಡಿದರೆ ಲಗಮವ್ವ ಹೆದರಬೇಕಾದದ್ದು ಇವರ ಬಾಯಿಗಲ್ಲ, ನನ್ನ ಬಾಯಿಗೆ. ಈಗ ಅದೇ ಬಾಯಿಯನ್ನು ಕಣ್ಣು ಮಿಟುಕಿಸದೆ ನೋಡುತ್ತ, ಬಾಗಿಲ ಚೌಕಟ್ಟು ಹಿಡಿದು ಕೂತಿದ್ದರು. ಒಂದು ಮಾತು ಆಚೀಚೆಯಾದರೆ ಕೂಟವೂ ಹೋಗುತ್ತದೆ.

ನಾನು ಕಣ್ಣು ಮುಚ್ಚಿದೆ. "ಕರ್ತನೇ, ಗಜಾನನ..." ಎಂದೆ. ಅವರ ಆರೋಗ್ಯ, ಮಗಳ ಪರೀಕ್ಷೆ, ಕಬ್ಬಿನ ತೂಕ, ಇವರು ಹೇಳುತ್ತಿದ್ದುದೆಲ್ಲ ನನಗೆ ಬಾಯಿಪಾಠ. ಒಂದೂ ಹೊರಗೆ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಆ ನಳ, ಆ ಎಮ್ಮೆಗಳು. ಅತ್ತೆಯ ಗೊರಕೆಯೂ ನಿಂತಿತ್ತು.

"ಅವರ ಕಾಲ ಲಗೂ ಕೂಡ್ಲಿ" ಎಂದೆ. ಅಷ್ಟಕ್ಕೇ ಬೆವತೆ. ಮುದುಕಿ ಇನ್ನೂ ಕಾಯುತ್ತಿದ್ದಾರೆಂದು ಗೊತ್ತಾಯಿತು. "ಅವರ ಮನಿ ನಳಾ ಎಂದೂ ಬತ್ತದಿರ್ಲಿ." ಅದನ್ನು ಹೇಳಿದ್ದೇ ನನಗೆ ಅಳು ಬಂತು. ಸಿಟ್ಟಿನ ಅಳು. ಎಷ್ಟು ಸಿಟ್ಟಿತ್ತೆಂದರೆ ಮುಂದಿನ ಮಾತು ತಾನಾಗಿಯೇ ಬಂದಿತು. "ನಮ್ಮ ಓಣಿಗೂ ಬರ್ಲಿ."

"ಆಮೆನ್" ಎಂದರು ಲಗಮವ್ವ, ಎಲ್ಲರಿಗಿಂತ ಮೊದಲು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬಾಯಿ ಒಣಗೇತಿ, ಒಂದ ತಂಬಿಗಿ ನೀರ ಕೊಡು" ಎಂದರು. ಅತ್ತೆ ಗಾಬರಿಯಿಂದ ನನ್ನ ಮುಖ ನೋಡಿದರು. ಆ ಮನೆತನದವರು ನಮ್ಮ ತಂಬಿಗೆ ಮುಟ್ಟಿದ್ದನ್ನು ಅವರ ಆಯುಷ್ಯದಲ್ಲಿ ನೋಡಿರಲಿಲ್ಲ. ನಾನು ಕೊಡ ಬಗ್ಗಿಸಿ ಕೊಟ್ಟೆ. ಮುದುಕಿ ಎತ್ತಿ ಗಟಗಟ ಕುಡಿದರು.

"ನೀರ ಚಲೋ ಅದಾವು. ನಿಮ್ಮ ಓಣಿಗಿ ಇನ್ನೂ ನಳಾ ಬಂದಿಲ್ಲೇನು?"

"ಇಲ್ರಿ ಅವ್ವಾರ. ಇವು ನಿಮ್ಮ ಮನಿ ಬಾಜೂ ನಳದ ನೀರು. ಪೈಪು ಮುಗದಾವು ಅಂತ ನಿಮ್ಮ ಮಗಾ ತಿರುವಿನ್ಯಾಗ ನಿಲ್ಲಿಸ್ಯಾರ."

ಲಗಮವ್ವ ತಂಬಿಗೆಯನ್ನು ಕೈಯಲ್ಲೇ ಹಿಡಿದು ತಿರುವಿನ ಕಡೆ ನೋಡಿದರು. ಕೊಟ್ಟಿಗೆಯ ಪೈಪು ನೆನಪಾಗಿರಬೇಕು. ತಂಬಿಗೆ ಕೆಳಗಿಟ್ಟು, ಮೊಣಕಾಲು ಹಿಡಿದು ಎದ್ದು, "ಮುಂದಿನ ರವಿವಾರ ಅಪ್ಪನ ಹೆಸರೂ ಸೇರಿಸಿ ಹಿಡಿ" ಎಂದು ನನಗೆ ಹೇಳಿ ಹೋದರು.

ಇದಾಗಿ ತಿಂಗಳುಗಳಾದವು. ಗಜಾನನರ ಪ್ಲಾಸ್ಟರ್ ತೆಗೆದರು, ಕೋಲೂರಿ ನಡೆಯುತ್ತಾರೆ. ನಳ ಇನ್ನೂ ಬಂದಿಲ್ಲ. ನಾಲ್ಕು ಪೈಪು ತಂದು ತಿರುವಿನಲ್ಲಿ ಹಾಕಿದ್ದಾರೆ, ಅವುಗಳ ಮೇಲೆ ನಾಯಿ ಮಲಗುತ್ತದೆ. ನಾನು ದಿನಾ ಅವುಗಳನ್ನು ದಾಟಿ ಕೊಡ ತರುತ್ತೇನೆ, ದಾರಿಯಲ್ಲಿ ಮೊದಲಿನಂತೆ ಬೈಯಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಇವರು ಕೊಟ್ಟ ಮಾತು ಮುರಿದಿಲ್ಲ, ಮುರಿಯುವವರೂ ಅಲ್ಲ. ಲಗಮವ್ವ ಹೊಸ್ತಿಲ ಕಟ್ಟೆಗೆ ತಪ್ಪದೆ ಬರುತ್ತಾರೆ. ಊಟ ಮೊದಲಿಗಿಂತ ತಡ. ರವಿವಾರ ದೇಶ ಮಸಗುಪ್ಪಿಗೆ ಬಂದು ಮುಟ್ಟಿದಾಗ ಇವರು ಬಾಯಿ ಮುಚ್ಚಿ, ಕೈ ಚಾಚಿ, ಸುಮ್ಮನೆ ನಿಲ್ಲುತ್ತಾರೆ. ಎಲ್ಲರೂ ಅಡುಗೆಮನೆಯ ಕಡೆ ತಿರುಗುತ್ತಾರೆ. ನಾನು ಸೌಟು ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಆ ಹೆಸರು ಹಿಡಿಯುತ್ತೇನೆ.